ಆರ್ಡರ್ ಕೊಡೋನು ಒಬ್ಬ, ಕೇಳೋರು ಲಕ್ಷ ಜನ

(ಚಿಕ್ಕಮಗಳೂರಲ್ಲಿ ಗೆಳೆಯರ ಒಂದು ಓದುಗರ ಬಳಗದಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಅಲ್ಲಲ್ಲಿ ಒಂದೊಂದು ಮಾತು ಸೇರಿಸಿದೀನಿ. ಕೊನೇಲಿ ಬಂದ ಪ್ರಶ್ನೆಗಳಲ್ಲಿ ಕೆಲವು ಮಾತ್ರ ಇಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಅಹಿಂಸೆ ಅಂದ ತಕ್ಷಣ ನಮ್ಮ ತಲೆಗೆ ಬರೋದೇನು? ಅಕ್ಟೋಬರ್ ಎರಡು, ಗಾಂಧಿ ಫೋಟೋಗೊಂದು ಹಾರ, ಸ್ಕೂಲಲ್ಲಿ ಒಂದು ಭಾಷಣ, ಆಮೇಲೆ ರಜ. ಅಂದ್ರೆ ಅದು ಒಳ್ಳೆ ಮನುಷ್ಯರ ವಿಷಯ, ಸಹನೆಯ ವಿಷಯ, ನಮ್ಮಂಥ ಸಂಸಾರಸ್ಥರಿಗೆ ಆಗಿಬರೋದಲ್ಲ ಅಂತ ಪಕ್ಕಕ್ಕಿಟ್ಟುಬಿಟ್ಟಿದೀವಿ. ನಾನು ಇವತ್ತು ಒಳ್ಳೇತನದ ಬಗ್ಗೆ ಮಾತಾಡಲ್ಲ, ಅದಕ್ಕೆ ಬೇರೆಯವರಿದಾರೆ. ಒಬ್ಬ ಸರ್ವಾಧಿಕಾರಿ ಕುರ್ಚಿ ಮೇಲೆ ಹೇಗೆ ಕೂತಿರ್ತಾನೆ, ಅವನನ್ನ ಇಳಿಸಿದೋರು ಹೇಗೆ ಇಳಿಸಿದ್ರು, ಇಳಿಸೋಕಾಗದೇ ಇದ್ದಲ್ಲಿ ಯಾಕೆ ಆಗ್ಲಿಲ್ಲ, ಇಷ್ಟೇ ನನ್ನ ವಿಷಯ.

ಇಲ್ಲಿ ಹಿಂದಿನ ಸಾಲಲ್ಲಿ ಪ್ಲಾಂಟರ್ಸು ಬಹಳ ಜನ ಕೂತಿದೀರಿ, ಹಾಗಾಗಿ ತೋಟದ ಲೆಕ್ಕದಲ್ಲೇ ಶುರು ಮಾಡ್ತೀನಿ. ಇನ್ನೂರು ಎಕರೆ ಕಾಫಿ ತೋಟಕ್ಕೆ ಓನರ್ ಒಬ್ಬರೇ. ಅವರೇನು ಹಣ್ಣು ಕುಯ್ಯಲ್ಲ, ಕಣದಲ್ಲಿ ಹರವಲ್ಲ, ಮೂಟೆ ಹೊರಲ್ಲ. ಅವರ ಮಾತನ್ನ ರೈಟರ್ ಕೇಳ್ತಾನೆ, ರೈಟರ್ ಮಾತನ್ನ ಮೇಸ್ತ್ರಿ, ಮೇಸ್ತ್ರಿ ಮಾತನ್ನ ಲೈನ್ ಮನೇಲಿರೋ ಆಳುಗಳು. ಜನವರಿ ಕುಯ್ಲಲ್ಲಿ ಆಳುಗಳು ಒಂದು ವಾರ ಬರ್ಲಿಲ್ಲ ಅಂದ್ರೆ ಹಣ್ಣು ಗಿಡದ ಬುಡಕ್ಕೆ ಬೀಳುತ್ತೆ, ಓನರ್ ಹತ್ರ ಬಂದೂಕಿದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ, ಬಂದೂಕು ಹಣ್ಣು ಕುಯ್ಯಲ್ಲ. (ಇಲ್ಲಿ ಒಬ್ಬರು ಹಿಂದಿನಿಂದ "ಸಾರ್, ಇದನ್ನ ನಮ್ಮ ತೋಟದ ಕಡೆ ಬಂದು ಹೇಳ್ಬೇಡಿ" ಅಂದ್ರು, ಎಲ್ಲರೂ ನಕ್ರು.) ದೇಶದ ವಿಷಯಾನೂ ಹೀಗೇನೇ. ಸರ್ವಾಧಿಕಾರಿ ಆರ್ಡರ್ ಕೊಡಬಹುದು, ಆದ್ರೆ ಅದನ್ನ ಟೈಪ್ ಮಾಡೋಕೆ ಗುಮಾಸ್ತ ಬೇಕು, ಲಾಠಿ ಎತ್ತೋಕೆ ಪೇದೆ ಬೇಕು, ಟಿವಿಲಿ ಓದೋಕೆ ಆಂಕರ್ ಬೇಕು, ಮಕ್ಕಳಿಗೆ ಕಲಿಸೋಕೆ ಮೇಷ್ಟ್ರು ಬೇಕು. ಇವರು ಕೈ ಎತ್ತಿಬಿಟ್ರೆ ಆ ಆರ್ಡರ್ ಬರೀ ಕಾಗದ.

ಹೇಳೋಕೆ ಸುಲಭ, ಕೈ ಎತ್ತೋದು ಯಾರು ಅನ್ನೋದು ಪ್ರಶ್ನೆ. ನಾರ್ವೆ ಮೇಷ್ಟ್ರುಗಳ ಕತೆ ಹೇಳ್ತೀನಿ, ನನಗೆ ಬಹಳ ಇಷ್ಟವಾದ್ದು. 1942. ದೇಶ ಜರ್ಮನ್ನರ ಕೈಲಿದೆ, ಕ್ವಿಸ್ಲಿಂಗ್ ಅನ್ನೋ ಅವರ ಮನುಷ್ಯ ಪ್ರಧಾನಿ. ಎಲ್ಲಾ ಮೇಷ್ಟ್ರುಗಳೂ ಸರ್ಕಾರ ಮಾಡಿರೋ ಹೊಸ ಸಂಘಕ್ಕೆ ಸೇರಲೇಬೇಕು, ಮಕ್ಕಳೆಲ್ಲಾ ಅವರ ಪಾರ್ಟಿಯ ಯುವದಳಕ್ಕೆ ಸೇರಬೇಕು ಅಂತ ಕಾನೂನು ತಂದ. ಸುಮಾರು 12,000 ಮೇಷ್ಟ್ರುಗಳಿದ್ರು, ಅವರಲ್ಲಿ 8,000ಕ್ಕೂ ಹೆಚ್ಚು ಜನ ಒಂದೇ ಒಕ್ಕಣೆಯ ಪತ್ರ ಬರೆದ್ರು, ನಾನು ಸೇರಲ್ಲ ಅಂತ, ಕೆಳಗೆ ಸ್ವಂತ ಸಹಿ. ಸರ್ಕಾರ ಗಾಬರಿಯಾಗಿ ಏನ್ಮಾಡ್ತು ಗೊತ್ತಾ, ಸೌದೆ ಕಲ್ಲಿದ್ದಲಿಗೆ ಕೊರತೆ ಅಂತ ಸುಳ್ಳು ಕಾರಣ ಹೇಳಿ ಒಂದು ತಿಂಗಳು ಸ್ಕೂಲುಗಳನ್ನೇ ಮುಚ್ಚಿಸ್ತು. ಆಗ ತಂದೆ ತಾಯಿಯರಿಂದಾನೂ ರಾಶಿ ರಾಶಿ ಪತ್ರ ಬಂತು. ಆಮೇಲೆ ಸಾವಿರಕ್ಕೂ ಹೆಚ್ಚು ಮೇಷ್ಟ್ರುಗಳನ್ನ ಅರೆಸ್ಟ್ ಮಾಡಿ, ಅವರಲ್ಲಿ ಅರ್ಧದಷ್ಟು ಜನರನ್ನ ಹಡಗಲ್ಲಿ ತುಂಬಿ ಉತ್ತರದ ತುದಿ ಕಿರ್ಕೆನೆಸ್‌ಗೆ ಕಳಿಸಿ, ಆ ಚಳೀಲಿ ಬಂದರಲ್ಲಿ ಮೂಟೆ ಹೊರಿಸಿದ್ರು. ಆದ್ರೂ ಸಂಘ ಹುಟ್ಟಲೇ ಇಲ್ಲ. ನವೆಂಬರ್ ಹೊತ್ತಿಗೆ ಮೇಷ್ಟ್ರುಗಳನ್ನ ವಾಪಸ್ ಮನೆಗೆ ಕಳಿಸಿದ್ರು. ಹಿಟ್ಲರ್ ಸೈನ್ಯ ಊರೊಳಗೇ ಇತ್ತು ಅನ್ನೋದನ್ನ ಮರೀಬೇಡಿ. ಸೈನ್ಯಕ್ಕೆ ಬಂದರು ಹಿಡಿಯೋಕೆ ಗೊತ್ತು, ಆದ್ರೆ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡೋಕೆ ಬರಲ್ಲವಲ್ಲ. ಈ ಮೇಷ್ಟ್ರುಗಳಿಂದ ನಾಜಿಗಳು ಸೋತ್ರು ಅಂತ ನಾನು ಹೇಳ್ತಿಲ್ಲ, ಯುದ್ಧ ಮುಗಿಸಿದ್ದು ಬೇರೆ ಸೈನ್ಯಗಳು. ಆದ್ರೆ ನಾರ್ವೆಯ ಸ್ಕೂಲು ಮಾತ್ರ ಅವರ ಕೈಗೆ ಸಿಗಲಿಲ್ಲ.

ಯೂನಿಫಾರ್ಮ್ ಹಾಕಿದೋರದ್ದು ಇನ್ನೂ ಕಷ್ಟ, ಯಾಕಂದ್ರೆ ಅವರಿಗೆ ಇಲ್ಲ ಅಂದ್ರೆ ಕೋರ್ಟ್ ಮಾರ್ಷಲ್. 1930 ಏಪ್ರಿಲ್ 23, ಪೇಶಾವರದ ಕಿಸ್ಸಾ ಖವಾನಿ ಬಜಾರ್. ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್ಗಾರರು, ಅಂದ್ರೆ ಅಹಿಂಸೆಯ ಪ್ರತಿಜ್ಞೆ ಮಾಡಿದ ಸ್ವಯಂಸೇವಕರು, ಪಠಾಣರು, ಮನೇಲಿ ಬಂದೂಕು ಇಟ್ಕೊಂಡೇ ಹುಟ್ಟೋರು ಅಂತ ಹೆಸರಾದ ಜನ, ಬರಿಗೈಲಿ ನಿಂತಿದಾರೆ. ಬ್ರಿಟಿಷರು ಗುಂಡು ಹಾರಿಸಿ ಬಹಳ ಜನರನ್ನ ಕೊಂದ್ರು. ಅದೇ ದಿನ ಗಡ್ವಾಲ್ ರೈಫಲ್ಸ್‌ನ ಒಂದು ತುಕಡಿಗೆ ಫೈರ್ ಮಾಡಿ ಅಂತ ಆರ್ಡರ್ ಆದಾಗ ಚಂದ್ರ ಸಿಂಗ್ ಗಡ್ವಾಲಿ ಮತ್ತು ಅವರ ಜೊತೆಯವರು ಮಾಡಲ್ಲ ಅಂದ್ರು. ಹಿಂದೂ ಸಿಪಾಯಿಗಳು, ಎದುರಿಗಿದ್ದೋರು ಮುಸ್ಲಿಂ ಪಠಾಣರು, ಬೇಕಂತಲೇ ಹಾಗೆ ಎದುರುಬದುರು ನಿಲ್ಲಿಸೋದು ಬ್ರಿಟಿಷರ ಪದ್ಧತಿ. ಚಂದ್ರ ಸಿಂಗ್‌ಗೆ ಜೀವಾವಧಿ ಶಿಕ್ಷೆ ಆಯ್ತು. ಆ ಪಠಾಣರ ಕೈಲಿ ಅವತ್ತು ಒಂದೇ ಒಂದು ಬಂದೂಕು ಇದ್ದಿದ್ರೆ, ಆ ಕಡೆಯಿಂದ ಒಂದೇ ಒಂದು ಗುಂಡು ಬಂದಿದ್ರೆ, ಗಡ್ವಾಲಿ ಹುಡುಗರು ಹಾಗೆ ಹೇಳೋಕೆ ಆಗ್ತಿತ್ತಾ? ತನ್ನ ಪ್ರಾಣಕ್ಕೆ ಹೆದರಿದ ಸಿಪಾಯಿ ಆರ್ಡರ್ ಸರಿಯೋ ತಪ್ಪೋ ಅಂತ ಯೋಚನೆ ಮಾಡಲ್ಲ. ಬರಿಗೈಲಿ ಇರೋದ್ರಲ್ಲಿ ಇರೋ ಲೆಕ್ಕಾಚಾರ ಇದೇ, ಎದುರಿನವನಿಗೆ ಇಲ್ಲ ಅನ್ನೋಕೆ ಜಾಗ ಬಿಡೋದು.

ಫಿಲಿಪ್ಪೀನ್ಸಿಗೆ ಬನ್ನಿ. ಅಲ್ಲಿನ ಪ್ರೆಸಿಡೆಂಟ್ ಮಾರ್ಕೋಸ್ 1972ರಲ್ಲಿ ಮಾರ್ಷಲ್ ಲಾ ಹಾಕಿದೋನು. 1983ರಲ್ಲಿ ವಿರೋಧಿ ನಾಯಕ ನಿನಾಯ್ ಅಕಿನೋನ ವಿಮಾನದಿಂದ ಇಳೀತಿದ್ದ ಹಾಗೇ ಏರ್‌ಪೋರ್ಟಲ್ಲೇ ಕೊಂದ್ರು. ಹೊರಗಿನ ಒತ್ತಡ ಜಾಸ್ತಿಯಾಗಿ 1986 ಫೆಬ್ರವರಿ 7ಕ್ಕೆ ಚುನಾವಣೆ ಮಾಡಿದ, ಎದುರಿಗೆ ನಿನಾಯ್ ಹೆಂಡತಿ ಕೊರಾಜನ್. ಎರಡು ದಿನ ಬಿಟ್ಟು, ವೋಟು ಲೆಕ್ಕ ಹಾಕೋ ಹಾಲಲ್ಲಿ ಕಂಪ್ಯೂಟರ್ ಆಪರೇಟರ್‌ಗಳು ಮೂವತ್ತು ಚಿಲ್ಲರೆ ಜನ, ಹೆಚ್ಚಿನೋರು ಹೆಣ್ಣುಮಕ್ಕಳು, ತಾವು ಒಳಗೆ ಹಾಕ್ತಿರೋ ನಂಬರ್ ಒಂದು, ಹೊರಗೆ ಬೋರ್ಡ್ ಮೇಲೆ ಬರ್ತಿರೋ ನಂಬರ್ ಇನ್ನೊಂದು ಅಂತ ನೋಡಿ, ಸೀಟಿಂದ ಎದ್ದು ಹೊರಗೆ ನಡೆದುಬಿಟ್ರು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ, ಸೀದಾ ಚರ್ಚಿಗೆ ಹೋಗಿ ಆಶ್ರಯ ತಗೊಂಡ್ರು. ಡಾಟಾ ಎಂಟ್ರಿ ಮಾಡೋ ಹುಡುಗೀರು ಕಣ್ರೀ, ನಮ್ಮ ಯಾವ್ದೋ ಆಫೀಸಲ್ಲಿ ಕೂತಿರ್ತಾರಲ್ಲ ಅಂಥೋರು. ಅವತ್ತಿನ ಮೇಲೆ ಮಾರ್ಕೋಸ್ ಗೆದ್ದ ಅನ್ನೋ ಮಾತಿಗೆ ಮೂರು ಕಾಸಿನ ಬೆಲೆ ಇರ್ಲಿಲ್ಲ. ಫೆಬ್ರವರಿ 22ಕ್ಕೆ ರಕ್ಷಣಾ ಮಂತ್ರಿ ಎನ್ರಿಲೆ, ಸೇನೆಯ ರಾಮೋಸ್ ತಿರುಗಿಬಿದ್ರು. ಅವರೇನು ಸಂತರಲ್ಲ, ಅವರದ್ದೇ ಲೆಕ್ಕ ಇತ್ತು. ಅವರನ್ನ ಮುಗಿಸೋಕೆ ಟ್ಯಾಂಕ್ ಬಂದಾಗ ಚರ್ಚಿನ ರೇಡಿಯೋ ಕರೆ ಕೇಳಿ ಮನಿಲಾದ ಎಡ್ಸಾ ರಸ್ತೆಗೆ ಲಕ್ಷಾಂತರ ಜನ ಬಂದ್ರು, ನನ್‌ಗಳು ಟ್ಯಾಂಕ್ ಮುಂದೆ ಮೊಣಕಾಲೂರಿ ಜಪಮಾಲೆ ಹಿಡಿದು ಕೂತ್ರು, ಹೆಂಗಸರು ಸೈನಿಕರಿಗೆ ತಿಂಡಿ ಹೂವು ಕೊಟ್ರು. ನಾಲ್ಕೇ ದಿನ. 25ರ ರಾತ್ರಿ ಮಾರ್ಕೋಸ್ ಅರಮನೆ ಬಿಟ್ಟ, ಅಲ್ಲಿಂದ ಹವಾಯಿಗೆ ಓಡಿದ. ಆ ನಾಲ್ಕು ದಿನಾನೇ ಎಲ್ಲರೂ ಹೇಳ್ತಾರೆ, ಟಿವಿಲಿ ಬಂದಿದ್ದು ಅದೇ. ನನಗೆ ಆ ಆಪರೇಟರ್‌ಗಳು ಎದ್ದು ನಡೆದ ಗಳಿಗೇನೇ ದೊಡ್ದು.

ಬೀದಿಗಿಳಿಯೋದೇ ಚಳವಳಿ ಅಂತ ನಾವು ತಿಳ್ಕೊಂಡಿದೀವಿ, ಬೀದಿಗೆ ಇಳಿದ್ರೆ ಗೋಲಿಬಾರ್ ಆಗುತ್ತೆ ಅನ್ನೋ ಕಡೆ ಏನ್ಮಾಡೋದು? ಇದನ್ನ ಪೋಲೆಂಡಿನೋರು ಪ್ರಾಣ ಕೊಟ್ಟು ಕಲಿತ್ರು. 1970 ಡಿಸೆಂಬರಲ್ಲಿ ಆಹಾರದ ರೇಟ್ ಏರಿಸಿದ್ದಕ್ಕೆ ಬಂದರು ಊರುಗಳ ಕಾರ್ಮಿಕರು ಬೀದಿಗೆ ಬಂದ್ರು, ಆಳ್ತಿದ್ದ ಕಮ್ಯುನಿಸ್ಟ್ ಪಾರ್ಟಿ ಆಫೀಸಿಗೆ ಬೆಂಕಿ ಹಚ್ಚಿದ್ರು, ಸೈನ್ಯ 40ಕ್ಕೂ ಹೆಚ್ಚು ಜನರನ್ನ ಹೊಡೆದುಹಾಕ್ತು. ಹತ್ತು ವರ್ಷ ಬಿಟ್ಟು, 1980 ಆಗಸ್ಟ್, ಗ್ಡಾನ್ಸ್ಕ್ ಹಡಗು ಕಾರ್ಖಾನೆ. ಅನ್ನಾ ವಲೆಂಟಿನೋವಿಚ್ ಅಂತ ಕ್ರೇನ್ ಆಪರೇಟರ್ ಒಬ್ಬರನ್ನ ರಿಟೈರ್ ಆಗೋಕೆ ಐದು ತಿಂಗಳಿದೆ ಅನ್ನುವಾಗ ಕೆಲಸದಿಂದ ತೆಗೆದ್ರು. ಈ ಸಲ ಯಾರೂ ಹೊರಗೆ ಹೋಗ್ಲಿಲ್ಲ. ಕಾರ್ಖಾನೆ ಒಳಗೇ ಕೂತ್ರು, ಗೇಟಿಗೆ ಹೂವು ಕಟ್ಟಿದ್ರು, ಪೋಪ್ ಫೋಟೋ ಹಾಕಿದ್ರು, ಒಳಗೆ ಕುಡಿಯೋ ಹಾಗಿಲ್ಲ ಅಂತ ಕಟ್ಟುನಿಟ್ಟು ಮಾಡಿದ್ರು. ಕುಡಿದು ಒಬ್ಬ ಗಲಾಟೆ ಮಾಡಿದ್ರೂ ಪೊಲೀಸರಿಗೆ ಅಷ್ಟೇ ಸಾಕಲ್ಲ. ಸೈನ್ಯ ಏನ್ಮಾಡುತ್ತೆ, ತನ್ನದೇ ಸರ್ಕಾರದ ಕ್ರೇನ್‌ಗಳ ಮೇಲೆ ಗುಂಡು ಹಾರಿಸುತ್ತಾ? ಮಧ್ಯೆ ಸಂಬಳ ಏರಿಸ್ತೀವಿ ಅಂದಾಗ ಮುಷ್ಕರದ ನಾಯಕ ಲೆಹ್ ವಲೆಸಾ ಇಲ್ಲಿಗೆ ಮುಗೀತು ಅಂತ ಹೇಳೇಬಿಟ್ಟಿದ್ರು, ಗಂಡಸರು ಬ್ಯಾಗ್ ಹಿಡ್ಕೊಂಡು ಮನೆಗೆ ಹೊರಟಿದ್ರು, ಅನ್ನಾ ಮತ್ತೆ ಇನ್ನೂ ಕೆಲವು ಹೆಣ್ಣುಮಕ್ಕಳು ಗೇಟಿಗೆ ಓಡಿಹೋಗಿ, ನಿಮಗೋಸ್ಕರ ಮುಷ್ಕರ ಮಾಡ್ತಿರೋ ಸಣ್ಣ ಸಣ್ಣ ಫ್ಯಾಕ್ಟರಿಯೋರ ಗತಿ ಏನು ಅಂತ ಜಗಳ ಮಾಡಿ ಜನರನ್ನ ತಡೆದ್ರು. ಆ ಜಗಳ ಆಗದಿದ್ರೆ ಸಾಲಿಡಾರಿಟಿ ಅನ್ನೋ ಕಾರ್ಮಿಕ ಸಂಘ ಇರ್ತಿರ್ಲಿಲ್ಲ. ನಂತರ ಅದು ಒಂದು ಕೋಟಿ ಮೆಂಬರ್‌ಗಳ ಸಂಘಟನೆ ಆಯ್ತು.

1981 ಡಿಸೆಂಬರ್ 13ಕ್ಕೆ ಅಲ್ಲೂ ಮಾರ್ಷಲ್ ಲಾ ಬಂತು, ನಾಯಕರೆಲ್ಲಾ ಜೈಲು. ಆಗ ಸ್ವಿದ್ನಿಕ್ ಅನ್ನೋ ಸಣ್ಣ ಊರಿನ ಜನ ಒಂದು ಉಪಾಯ ಮಾಡಿದ್ರು. ಸಂಜೆ ಏಳೂವರೆಗೆ ಸರ್ಕಾರಿ ಟಿವಿ ನ್ಯೂಸ್ ಬರೋ ಹೊತ್ತಿಗೆ ಸರಿಯಾಗಿ ಇಡೀ ಊರೇ ವಾಕಿಂಗ್ ಹೊರಡೋದು. ಕೆಲವರು ಟಿವಿನ ಕಿಟಕೀಲಿ ಇಟ್ಟು, ಮುಖ ಬೀದಿ ಕಡೆ ತಿರುಗಿಸಿ ಹೋಗ್ತಿದ್ರಂತೆ, ನೀನೇ ನೋಡ್ಕೋ ನಿನ್ನ ನ್ಯೂಸು ಅನ್ನೋ ಹಾಗೆ. ವಾಕಿಂಗ್ ಹೋಗೋದು ಅಪರಾಧ ಅಂತ ಯಾವ ಸೆಕ್ಷನ್ನಲ್ಲಿ ಕೇಸ್ ಹಾಕ್ತೀರಿ? ಕೊನೆಗೆ ಆ ಹೊತ್ತಿಗೇ ಕರ್ಫ್ಯೂ ಹಾಕ್ಬೇಕಾಯ್ತು. ಚಿಲಿಯಲ್ಲೂ ಇಂಥದ್ದೇ. 1983ರಲ್ಲಿ ತಾಮ್ರದ ಗಣಿ ಕಾರ್ಮಿಕರು ಮುಷ್ಕರ ಮಾಡ್ತೀವಿ ಅಂದ್ರು, ಅಲ್ಲಿನ ಸರ್ವಾಧಿಕಾರಿ ಪಿನೊಚೆಯ ಸೈನ್ಯ ಗಣಿಗಳನ್ನ ಸುತ್ತುವರೀತು. ಹಟಕ್ಕೆ ಬಿದ್ದು ಸಾಯೋ ಬದಲು ಪ್ಲಾನ್ ಬದಲಾಯಿಸಿದ್ರು: ಮೇ 11ಕ್ಕೆ ಎಲ್ಲರೂ ನಿಧಾನ ನಡೀರಿ, ನಿಧಾನ ಗಾಡಿ ಓಡಿಸಿ, ರಾತ್ರಿ ಎಂಟಕ್ಕೆ ಮನೇಲೇ ನಿಂತು ಪಾತ್ರೆ ಬಡೀರಿ. ಹತ್ತು ವರ್ಷದಿಂದ ಪಕ್ಕದ ಮನೆಯೋನು ಯಾರ ಕಡೆ ಅಂತ ಗೊತ್ತಿಲ್ದೆ ಬಾಯಿ ಮುಚ್ಕೊಂಡಿದ್ದ ಜನಕ್ಕೆ ಅವತ್ತು ರಾತ್ರಿ ಇಡೀ ಸಾಂಟಿಯಾಗೋದಿಂದ ಪಾತ್ರೆ ಸದ್ದು ಕೇಳಿಸ್ತು. ಬೆಳಗ್ಗೆಯಿಂದ ಸಂಜೆವರೆಗೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಕೂತು ಮನವಿ ಕೊಟ್ಟು ಫೋಟೋ ತೆಗೆಸ್ಕೊಂಡು ಹೋಗೋ ನಮ್ಮ ಪದ್ಧತಿ ನೋಡಿದಾಗ ಇವೆಲ್ಲಾ ನೆನಪಾಗುತ್ತೆ, ಇರಲಿ.

ಸರ್ಬಿಯಾ ಹುಡುಗರ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಓಟ್ಪೋರ್, 1998ರಲ್ಲಿ ಬೆಲ್‌ಗ್ರೇಡ್ ಸ್ಟೂಡೆಂಟ್ಸ್ ಕಟ್ಟಿದ್ದು. ಪೇಟೆ ಬೀದೀಲಿ ಒಂದು ಡ್ರಮ್ ಇಟ್ರು, ಮೇಲೆ ದೇಶ ಆಳ್ತಿದ್ದ ಮಿಲೊಸೆವಿಚ್ ಮುಖ, ಒಂದು ಕಾಸು ಹಾಕಿ ಕೋಲಲ್ಲಿ ಒಂದೇಟು ಹೊಡೀರಿ ಅಂತ ಬೋರ್ಡು, ಹುಡುಗರು ಮಾಯ. ಶಾಪಿಂಗ್‌ಗೆ ಬಂದ ಜನ ಸಾಲು ನಿಂತ್ರು. ಪೊಲೀಸ್ ಬಂದು ಯಾರನ್ನ ಹಿಡೀಬೇಕು ಅಂತ ಗೊತ್ತಾಗದೇ ಕೊನೆಗೆ ಡ್ರಮ್ಮನ್ನೇ ಎತ್ಕೊಂಡು ಹೋದ್ರು, ಮಾರನೇ ದಿನ ಊರೆಲ್ಲಾ ನಗು. ಆದ್ರೆ ನಗೆಯಿಂದ ಸರ್ಕಾರ ಬೀಳಲ್ಲ. 2000 ಸೆಪ್ಟೆಂಬರ್ 24ರ ಚುನಾವಣೇಲಿ ಸೋತ ಮೇಲೂ ಮಿಲೊಸೆವಿಚ್ ಬಿಡಲ್ಲ ಅಂದಾಗ ಕೆಲಸಕ್ಕೆ ಬಂದಿದ್ದು ಕೊಲುಬಾರಾ ಕಲ್ಲಿದ್ದಲು ಗಣಿ ಕಾರ್ಮಿಕರು. ದೇಶದ ಕರೆಂಟಲ್ಲಿ ಸುಮಾರು ಅರ್ಧ ಆ ಕಲ್ಲಿದ್ದಲಿಂದ ಬರ್ತಿತ್ತು, ಅವರು ಕೆಲಸ ನಿಲ್ಸಿದ್ರು. ಪೊಲೀಸ್ ಕಳಿಸಿದ್ರೆ ಸುತ್ತಲ ಊರಿನ ಜನ ಬಂದು ನಿಂತ್ರು, ಪೊಲೀಸ್ ಹಿಂದೆ ಸರೀತು. ಅಕ್ಟೋಬರ್ 5ಕ್ಕೆ ರಾಜಧಾನಿಗೆ ಜನಸಾಗರ ಬಂತು, ಗುಂಡು ಹಾರಿಸೋ ಆರ್ಡರ್ ಪಾಲಿಸೋಕೆ ಪೊಲೀಸರು ಒಪ್ಪಲಿಲ್ಲ. ಆ ದಿನ ಪಾರ್ಲಿಮೆಂಟ್ ಬಿಲ್ಡಿಂಗಿಗೆ ಬೆಂಕಿ ಬಿತ್ತು, ಟಿವಿ ಸ್ಟೇಷನ್ನಿಗೂ ಬಿತ್ತು, ಅದನ್ನ ಮುಚ್ಚಿಟ್ಟು ಎಲ್ಲಾ ಹೂವಿನ ಹಾಗೆ ನಡೀತು ಅಂತ ಹೇಳೋದು ಸರಿಯಲ್ಲ. ಅಮೆರಿಕದ ದುಡ್ಡು ಬಂದಿತ್ತು ಅನ್ನೋದೂ ನಿಜ. ದುಡ್ಡಲ್ಲಿ ಸ್ಟಿಕ್ಕರ್ ಮತ್ತೆ ಟೀ ಶರ್ಟ್ ಪ್ರಿಂಟ್ ಮಾಡಿಸ್ಬಹುದು, ಆ ದುಡ್ಡಿಲ್ದಿದ್ರೆ ಕೊಲುಬಾರಾ ನಿಲ್ತಿರ್ಲಿಲ್ವಾ ಅಂತ ಕೇಳಿದ್ರೆ ನಿಲ್ತಿತ್ತು ಅಂತಾನೇ ನನ್ನ ಅಭಿಪ್ರಾಯ.

ಇನ್ನು ನಮ್ಮ ಕಡೆಗೆ ಬರೋಣ. 1947 ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು ಅಂತ ಎಲ್ಲರೂ ಓದಿದೀರಿ. ಮೈಸೂರು ಸಂಸ್ಥಾನಕ್ಕೆ, ಅಂದ್ರೆ ಇದೇ ಚಿಕ್ಕಮಗಳೂರು ಹಾಸನಕ್ಕೆ, ಅವತ್ತು ಬರ್ಲಿಲ್ಲ. ಜನರ ಸರ್ಕಾರ ಕೊಡೋಕೆ ಅರಮನೆ ಮೀನಮೇಷ ಎಣಿಸ್ತಿತ್ತು, ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಸೆಪ್ಟೆಂಬರ್ 1ಕ್ಕೆ ಮೈಸೂರು ಚಲೋ ಚಳವಳಿ ಶುರುವಾಯ್ತು. ಮೈಸೂರು ಕಾಂಗ್ರೆಸ್ಸಿನ ಕೆ.ಸಿ. ರೆಡ್ಡಿಯವರು ಜೈಲಿಗೆ ಹೋದ್ರು, ಸ್ಟೂಡೆಂಟ್ಸ್ ಕ್ಲಾಸ್ ಬಿಟ್ರು, ಕಾರ್ಮಿಕರು ಕೆಲಸ ಬಿಟ್ರು. ಮೈಸೂರಲ್ಲಿ ಗೋಲಿಬಾರಿನಲ್ಲಿ ಸತ್ತ ಹೈಸ್ಕೂಲ್ ಹುಡುಗನ ಹೆಸರೇ ಅಲ್ಲಿನ ರಾಮಸ್ವಾಮಿ ಸರ್ಕಲ್‌ಗೆ ಇರೋದು, ದಿನಾ ಬಸ್ಸಲ್ಲಿ ಆ ಸರ್ಕಲ್ ದಾಟೋರಲ್ಲಿ ಎಷ್ಟು ಜನಕ್ಕೆ ಗೊತ್ತೋ. ಎರಡು ತಿಂಗಳೂ ತುಂಬೋಕೆ ಮುಂಚೆ ಅರಮನೆ ಒಪ್ತು, ಅಕ್ಟೋಬರ್ ಕೊನೆಗೆ ರೆಡ್ಡಿಯವರು ಮೊದಲ ಮುಖ್ಯಮಂತ್ರಿ ಆದ್ರು. ಆ ಚಳವಳೀಲಿದ್ದ ಎಚ್.ಎಸ್. ದೊರೆಸ್ವಾಮಿಯವರು ಎಮರ್ಜೆನ್ಸಿಯಲ್ಲಿ ಇಂದಿರಾ ಗಾಂಧಿಗೆ ನೀವು ಸರ್ವಾಧಿಕಾರಿ ಥರ ನಡ್ಕೊಳ್ತಿದೀರಿ ಅಂತ ಕಾಗದ ಬರೆದು ಮತ್ತೆ ಜೈಲಿಗೆ ಹೋದ್ರು.

ಉತ್ತರ ಕನ್ನಡದ ಸಿದ್ದಾಪುರ ಅಂಕೋಲಾ ಕಡೆ ಇನ್ನೂ ಗಟ್ಟಿ ಜನ. 1930ರ ದಶಕದ ಶುರುವಿನಲ್ಲಿ ಕರ ನಿರಾಕರಣೆ ಮಾಡಿ ಜಮೀನೇ ಕಳ್ಕೊಂಡ್ರು. ಜಪ್ತಿ ಜಮೀನನ್ನ ಹರಾಜಲ್ಲಿ ಕೊಂಡ್ಕೊಂಡೋರು ನಮ್ಮೋರೇ ಇದ್ರಲ್ಲ. ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಹಾಗೆ ಕೊಂಡೋರ ಮನೆ ಬಾಗಿಲಲ್ಲಿ ಹೋಗಿ ಉಪವಾಸ ಕೂತ್ರು. ಬ್ರಿಟಿಷ್ ಕಲೆಕ್ಟರ್ ಮುಂದೆ ಕೂರ್ಲಿಲ್ಲ ನೋಡಿ, ಹರಾಜಲ್ಲಿ ಕೈ ಎತ್ತಿದ ಪಕ್ಕದೂರಿನೋನ ಬಾಗಿಲಲ್ಲಿ. ಯಾಕಂದ್ರೆ ಕೊಳ್ಳೋನಿಲ್ಲ ಅಂದ್ರೆ ಜಪ್ತಿಗೆ ಅರ್ಥಾನೇ ಇಲ್ಲ. ಮನೆ ಹೊಸಿಲಲ್ಲಿ ನಾಲ್ಕು ಜನ ಹೆಂಗಸರು ಊಟ ಬಿಟ್ಟು ಕೂತಿದ್ರೆ ಒಳಗೆ ಯಾರಿಗೆ ತುತ್ತು ಇಳಿಯುತ್ತೆ.

ಈಗ ಸ್ವಲ್ಪ ಕಷ್ಟದ ಮಾತು. ಎಮರ್ಜೆನ್ಸಿ, 1975 ಜೂನ್‌ನಿಂದ 1977 ಮಾರ್ಚ್‌ವರೆಗೆ. ಲಕ್ಷಕ್ಕೂ ಹೆಚ್ಚು ಜನರನ್ನ ವಿಚಾರಣೆ ಇಲ್ದೆ ಒಳಗೆ ಹಾಕಿದ್ರು. ಬೆಂಗಳೂರು ಸೆಂಟ್ರಲ್ ಜೈಲಲ್ಲಿ ಅಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿಯವರನ್ನ ತಿಂಗಳುಗಟ್ಟಲೆ ಇಟ್ಟಿದ್ರು, ಹೊರಗೆ ಬಿಟ್ಟ ಕೆಲವೇ ದಿನಕ್ಕೆ, 1977 ಜನವರಿಯಲ್ಲಿ, ತೀರ್ಕೊಂಡ್ರು. ಆಮೇಲಿನ ಚುನಾವಣೇಲಿ ಉತ್ತರ ಭಾರತ ಕಾಂಗ್ರೆಸ್ಸನ್ನ ಗುಡಿಸಿಹಾಕ್ತು. ಕರ್ನಾಟಕ? 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ. ಮಾರನೇ ವರ್ಷ ನವೆಂಬರಲ್ಲಿ ಇಂದಿರಾ ಗಾಂಧಿಯವರು ಎಲ್ಲಿಗೆ ಬಂದ್ರು ಅಂತ ನಾನು ಈ ಊರಲ್ಲಿ ನಿಂತು ಹೇಳ್ಬೇಕಾಗಿಲ್ಲ, ವೀರೇಂದ್ರ ಪಾಟೀಲರ ಎದುರು 70,000ಕ್ಕೂ ಹೆಚ್ಚು ಲೀಡಲ್ಲಿ ಗೆಲ್ಸಿ ಕಳಿಸಿದ್ದು ನಾವೇ.

ಇದನ್ನ ನಾಚಿಕೆ ವಿಷಯ ಅಂತ ಕೆಲವರು, ಹೆಮ್ಮೆ ವಿಷಯ ಅಂತ ಕೆಲವರು. ನನಗೆ ಎರಡೂ ಅನ್ಸಲ್ಲ. ಅದೇ ವರ್ಷಗಳಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಯಾಗ್ತಿತ್ತು, 1974ರ ತಿದ್ದುಪಡಿ, ಉಳುವವನೇ ಹೊಲದೊಡೆಯ. ಭೂ ನ್ಯಾಯಮಂಡಳಿ ಮುಂದೆ ನಿಂತು ಗೇಣಿದಾರ ತನ್ನ ಹೆಸರಿಗೆ ಜಮೀನು ಮಾಡಿಸ್ಕೊಳ್ತಿದ್ದ ಕಾಲ. ತಲೆತಲಾಂತರದಿಂದ ಗೇಣಿ ಅಳೆದವನಿಗೆ ಪಹಣಿಯಲ್ಲಿ ತನ್ನ ಹೆಸರು ಬರ್ತಿದೆ, ಅವನ ಹತ್ರ ಹೋಗಿ ಪತ್ರಿಕಾ ಸ್ವಾತಂತ್ರ್ಯ ಹೋಯ್ತು ಕಣಯ್ಯ ಅಂದ್ರೆ ಅವನೇನಂತಾನೆ? ಜನ ಆರ್ಡರ್ ಕೇಳೋದು ಬರೀ ಭಯದಿಂದಲ್ಲ. ಏನೋ ಸಿಕ್ತಿರುತ್ತೆ, ಅಥವಾ ಇವರು ಹೋದ್ರೆ ಇರೋದೂ ಹೋಗುತ್ತೆ ಅನ್ಸಿರುತ್ತೆ. ಇದನ್ನ ಒಪ್ಪದೇ, ಜನ ಮೂರ್ಖರು, ಬಿರಿಯಾನಿಗೆ ವೋಟ್ ಹಾಕ್ತಾರೆ ಅಂತ ಬೈಕೊಂಡು ಕೂರೋ ಚಳವಳಿ ಎಲ್ಲೂ ಗೆದ್ದಿದ್ದಿಲ್ಲ.

ಚಿಲಿಯೋರು ಇದನ್ನ ಅರ್ಥ ಮಾಡ್ಕೊಂಡ್ರು. 1988ರಲ್ಲಿ ಪಿನೊಚೆ ತಾನೇ ಮಾಡಿಸಿದ್ದ ಸಂವಿಧಾನದ ಪ್ರಕಾರ ಒಂದು ಜನಮತಗಣನೆ ಇಟ್ಟ, ಇನ್ನೂ ಎಂಟು ವರ್ಷ ನಾನೇ ಇರ್ಲಾ ಬೇಡ್ವಾ ಅಂತ. ಬೇಡ ಅನ್ನೋ ಬಣಕ್ಕೆ ದಿನಾ ರಾತ್ರಿ ಟಿವೀಲಿ 15 ನಿಮಿಷ ಸಿಕ್ತು. ಹದಿನೈದು ವರ್ಷದ ಚಿತ್ರಹಿಂಸೆ, ಕಾಣೆಯಾದೋರು, ಎಲ್ಲಾ ಹೇಳ್ಬೇಕು ಅಂತ ಹೊಟ್ಟೆಯೊಳಗೆ ಬೆಂಕಿ ಇತ್ತು. ಆದ್ರೆ ನೋಡ್ತಿರೋ ಜನರಲ್ಲಿ ಬಹಳಷ್ಟು ಜನ ಹೆದರಿದಾರೆ, ಗಲಾಟೆ ಬೇಡ, ಮತ್ತೆ ಅಂಗಡಿ ಮುಂದೆ ಕ್ಯೂ ನಿಲ್ಲೋ ಕಾಲ ಬೇಡ ಅನ್ನೋ ಮನಸ್ಸಲ್ಲಿದಾರೆ ಅಂತ ಗೊತ್ತಿತ್ತು. ಹಾಗಾಗಿ ಕಾಮನಬಿಲ್ಲಿನ ಗುರುತು, ಹಾಡು, ನಗು, ಮುಂದೆ ಒಳ್ಳೇ ದಿನ ಬರುತ್ತೆ ಅನ್ನೋ ಧಾಟಿ. ಕಾಣೆಯಾದೋರ ಹೆಂಡತಿಯರು ಒಂಟಿಯಾಗಿ ಕುಣಿಯೋದನ್ನೂ ತೋರಿಸಿದ್ರು, ಆದ್ರೆ ಎಲ್ಲಾನೂ ಅದೇ ಆಗೋಕೆ ಬಿಡ್ಲಿಲ್ಲ. ಅಕ್ಟೋಬರ್ 5ಕ್ಕೆ ಸುಮಾರು ಶೇ. 56 ಜನ ಬೇಡ ಅಂದ್ರು. ಆ ರಾತ್ರಿ ಪಿನೊಚೆ ರಿಸಲ್ಟ್ ಒಪ್ಪೋಕೆ ತಡ ಮಾಡ್ತಿದ್ದಾಗ, ಅವನದೇ ಸೇನಾಡಳಿತದ ವಾಯುಪಡೆ ಮುಖ್ಯಸ್ಥ ಮಾಟೇಯಿ ಅರಮನೆ ಬಾಗಿಲಲ್ಲೇ ಪತ್ರಕರ್ತರಿಗೆ, ಬೇಡ ಅನ್ನೋರು ಗೆದ್ದಿದಾರೆ ಅಂತ ಹೇಳಿ ಒಳಗೆ ಹೋದ. ಅಲ್ಲಿಗೆ ಮುಗೀತು.

ಈ ಜಿಲ್ಲೆಯಲ್ಲಿ ಬಂದೂಕಿನ ದಾರೀನೂ ನೋಡಿದೀವಲ್ಲ, ಅದನ್ನ ಬಿಟ್ಟು ಮಾತಾಡೋದು ಕಣ್ಣುಮುಚ್ಚಾಲೆ ಆಗುತ್ತೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸ್ತಾರೆ ಅನ್ನೋ ಭಯ ಆದಿವಾಸಿಗಳಿಗೆ ನಿಜವಾಗ್ಲೂ ಇತ್ತು, ಆ ಸಿಟ್ಟು ನ್ಯಾಯವಾದ್ದೇ. ಅದರ ಬೆನ್ನಿಗೆ ನಕ್ಸಲರು ಬಂದ್ರು. 2005 ಫೆಬ್ರವರೀಲಿ ಅವರ ನಾಯಕ ಸಾಕೇತ್ ರಾಜನ್ ಈ ಕಾಡಲ್ಲೇ ಎನ್‌ಕೌಂಟರಲ್ಲಿ ಸತ್ರು. ಕೊನೆಗೆ ಕಾಡಂಚಿನ ಮನೆಗಳಿಗೆ ಸಿಕ್ಕಿದ್ದೇನು? ರಾತ್ರಿ ಅನ್ನ ಕೇಳ್ಕೊಂಡು ಇವರು ಬರೋದು, ಬೆಳಗ್ಗೆ ಯಾಕೆ ಅನ್ನ ಹಾಕಿದ್ರಿ ಅಂತ ಅವರು ಬರೋದು. ಹತ್ತಾರು ವರ್ಷ ಎಎನ್ಎಫ್, ಅಂದ್ರೆ ನಕ್ಸಲ್ ನಿಗ್ರಹ ಪಡೆಯ ಕ್ಯಾಂಪು. ಅದೇ ಕುದುರೆಮುಖದ ಗಣಿಗಾರಿಕೆ ನಿಂತಿದ್ದು ಯಾವುದರಿಂದ? ಪರಿಸರದ ಜನ ಕೇಸ್ ಹಾಕಿ, ಸಭೆ ಮಾಡಿ, ದಾಖಲೆ ಸೇರಿಸಿ, 2002ರಲ್ಲಿ ಸುಪ್ರೀಂ ಕೋರ್ಟಿಂದ ತೀರ್ಪು ತಂದು, 2005ರ ಕೊನೆಗೆ ಗಣಿ ನಿಂತ್ಕೊಳ್ತು. ನಕ್ಸಲರಲ್ಲಿ 2014ರಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಹೊರಗೆ ಬಂದ್ರು, 2025 ಜನವರೀಲಿ ಇನ್ನೂ ಆರು ಜನ ಶರಣಾದ್ರು. ನಾಗರಾಜ್, ಶ್ರೀಧರ್ ಈಗ ಧರಣೀಲಿ ಕೂರ್ತಾರೆ, ಸಭೇಲಿ ಮಾತಾಡ್ತಾರೆ, ಅಂಥೋರು ಇವತ್ತೇ ಈ ಹಾಲಲ್ಲಿ ಕೂತಿದ್ರೂ ಯಾರೂ ಹೆದರ್ಬೇಕಾಗಿಲ್ಲ.

ಅಂಕಿಸಂಖ್ಯೆ ಕೇಳೋರು ಇರ್ತಾರೆ. ಎರಿಕಾ ಚೆನೊವೆತ್ ಮತ್ತೆ ಮರಿಯಾ ಸ್ಟೀಫನ್ ಅನ್ನೋ ಇಬ್ಬರು ಸಂಶೋಧಕರು 1900ರಿಂದ 2006ರವರೆಗಿನ 323 ಹೋರಾಟಗಳನ್ನ ಗುಡ್ಡೆ ಹಾಕಿ ನೋಡಿದ್ರು. ಅಹಿಂಸಾತ್ಮಕವಾಗಿ ನಡೆದವುಗಳಲ್ಲಿ ಶೇ. 53 ಗೆದ್ದಿದ್ವು, ಶಸ್ತ್ರ ಹಿಡಿದವು ಶೇ. 26. ಶೇ. 3.5ರಷ್ಟು ಜನ ಒಟ್ಟಿಗೆ ಬೀದಿಗೆ ಬಂದ್ರೆ ಸಾಕು ಅಂತ ಒಂದು ಮಾತು ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದೂ ಅಲ್ಲಿಂದಲೇ ಬಂದಿದ್ದು, ಅದನ್ನ ಮಂತ್ರದ ಥರ ಹಿಡ್ಕೋಬೇಡಿ. ಯಾಕಂದ್ರೆ 2010ರ ನಂತರ ಅಹಿಂಸೆಯ ಗೆಲುವು ಶೇ. 34ಕ್ಕಿಂತ ಕೆಳಗೆ ಬಿದ್ದಿದೆ ಅಂತ ಚೆನೊವೆತ್ ಅವರೇ ಬರೆದಿದಾರೆ. ಸರ್ವಾಧಿಕಾರಿಗಳೂ ಕಲೀತಾರೆ. ಜೊತೆಗೆ ಈಗ ಮೊಬೈಲಲ್ಲಿ ಮೂರು ದಿನಕ್ಕೆ ಲಕ್ಷ ಜನ ಸೇರ್ತಾರೆ, ನಾಲ್ಕನೇ ದಿನ ಏನು ಅಂತ ಯಾರಿಗೂ ಗೊತ್ತಿರಲ್ಲ. ಪೋಲೆಂಡಿನೋರಿಗೆ ಮೊಬೈಲ್ ಇರ್ಲಿಲ್ಲ, ಫ್ಯಾಕ್ಟರಿ ಕಮಿಟಿ ಇತ್ತು.

ಸೋತ ಕಡೆ ನೋಡಿ. ಮಯನ್ಮಾರ್, 2021 ಫೆಬ್ರವರಿ 1. ಸೈನ್ಯ ಅಧಿಕಾರ ಕಿತ್ಕೊಂಡ ಮಾರನೇ ರಾತ್ರಿಯಿಂದಲೇ ಪಾತ್ರೆ ಬಡಿಯೋದು ಶುರು, ಮೊದಲು ಡಾಕ್ಟರ್‌ಗಳು, ಆಮೇಲೆ ಬ್ಯಾಂಕಿನೋರು, ರೈಲ್ವೆಯೋರು, ಮೇಷ್ಟ್ರುಗಳು ಎಲ್ಲಾ ಕೆಲಸ ಬಿಟ್ರು. ಹೆಂಗಸರ ಲುಂಗಿ ಕೆಳಗೆ ಹೋದ್ರೆ ಗಂಡಸಿನ ಶಕ್ತಿ ಹೋಗುತ್ತೆ ಅನ್ನೋ ಅಲ್ಲಿನ ನಂಬಿಕೆನ ಹಿಡ್ಕೊಂಡು ಬೀದಿಗೆ ಅಡ್ಡಲಾಗಿ ಲುಂಗಿ ತೂಗುಹಾಕಿದ್ರು, ಸೈನಿಕರು ಲಾರಿ ನಿಲ್ಸಿ ಅದನ್ನ ಬಿಚ್ಚೋಕೆ ಹೊತ್ತು ಕಳೀಬೇಕಾಯ್ತು. ಮಾರ್ಚ್ 24ಕ್ಕೆ ಇಡೀ ದೇಶವೇ ಮನೆಯೊಳಗೆ ಉಳೀತು. ನಾನು ಹೇಳಿದ ಎಲ್ಲಾನೂ ಮಾಡಿದ್ರು. ಆದ್ರೂ ಸೈನ್ಯ ಒಡೀಲಿಲ್ಲ, ಜನರನ್ನ ತಲೆಗೆ ಗುರಿ ಇಟ್ಟು ಹೊಡೀತು, ಕೊನೆಗೆ ಹುಡುಗರು ಬಂದೂಕು ಹಿಡಿದು ಕಾಡಿಗೆ ಹೋದ್ರು. ಆ ಸೈನ್ಯ ಜನರಿಂದ ದೂರ ಇದೆ, ಅದಕ್ಕೆ ತನ್ನದೇ ಕಂಪನಿಗಳು, ತನ್ನದೇ ವ್ಯಾಪಾರ, ಕುಟುಂಬಗಳು ಬೇಲಿಯೊಳಗಿನ ಕ್ವಾರ್ಟರ್ಸಲ್ಲಿ. ಬೀದೀಲಿ ನಿಂತ ಹುಡುಗಿ ಅವನ ಪಕ್ಕದ ಮನೆಯೋಳಲ್ಲ. 1989 ಅಕ್ಟೋಬರ್ 9ಕ್ಕೆ ಪೂರ್ವ ಜರ್ಮನಿಯ ಲೈಪ್ಜಿಗ್‌ನಲ್ಲಿ 70,000 ಜನ ಮೇಣದಬತ್ತಿ ಹಿಡಿದು ಬಂದಾಗ ಪೊಲೀಸ್ ಹಿಂದೆ ಸರೀತು, ಆ ಗುಂಪಲ್ಲಿ ಪೊಲೀಸರ ತಮ್ಮ ತಂಗಿ ಇದ್ರು. ಆ ನಂಟು ಇಲ್ದ ಕಡೆ ಏನ್ಮಾಡ್ಬೇಕು ಅನ್ನೋದಕ್ಕೆ ಇನ್ನೂ ಯಾರ ಹತ್ರಾನೂ ಸರಿಯಾದ ಉತ್ತರ ಇಲ್ಲ.

ಇಷ್ಟು ಮಾತಾಡಿ ಕೂತೆ. ಆಮೇಲೆ ಪ್ರಶ್ನೆಗಳು.

ಒಬ್ಬ ರಿಟೈರ್ಡ್ ಮೇಷ್ಟ್ರು: "ನೀವು ಹೇಳಿದ್ದೆಲ್ಲಾ ಸರ್ವಾಧಿಕಾರ ಗಟ್ಟಿಯಾಗಿ ಕೂತ ಮೇಲಿನ ಮಾತು. ವೋಟು ಹಾಕಿ ಗೆಲ್ಸಿದೋನೇ ಹಾಗೆ ಆಗೋಕೆ ಹೊರಟ್ರೆ?"

ಮೇಷ್ಟ್ರೇ, ಅಲ್ಲಿ ಟೈಮ್ ಮುಖ್ಯ. ದಕ್ಷಿಣ ಕೊರಿಯಾ ನೋಡಿ, 2024 ಡಿಸೆಂಬರ್ 3, ರಾತ್ರಿ ಟಿವೀಲಿ ಬಂದು ಪ್ರೆಸಿಡೆಂಟ್ ಯೂನ್ ಮಾರ್ಷಲ್ ಲಾ ಅಂದ. ಎಂಪಿಗಳು ಕಾಂಪೌಂಡ್ ಹಾರಿ ಪಾರ್ಲಿಮೆಂಟ್ ಒಳಗೆ ಹೋದ್ರು, ಅಲ್ಲಿನ ಸ್ಟಾಫು ಬಾಗಿಲಿಗೆ ಮೇಜು ಕುರ್ಚಿ ಒಟ್ಟಿ, ಸೈನಿಕರ ಮೇಲೆ ಬೆಂಕಿ ಆರಿಸೋ ಸಿಲಿಂಡರ್ ಬಿಟ್ರು. ಬಂದಿದ್ದ 190 ಜನ ಎಂಪಿಗಳೂ ಬೇಡ ಅಂತ ವೋಟ್ ಹಾಕಿದ್ರು, ಅದರಲ್ಲಿ ಯೂನ್ ಪಾರ್ಟಿಯೋರೂ ಇದ್ರು. ಸುಮಾರು ಆರು ಗಂಟೇಲಿ ಮುಗೀತು, 2025 ಏಪ್ರಿಲಲ್ಲಿ ಅವನ ಕುರ್ಚೀನೂ ಹೋಯ್ತು. ಆ ಸೈನಿಕರು ಯಾಕೆ ಅಷ್ಟು ನಿಧಾನ ಮಾಡಿದ್ರು? 1980ರಲ್ಲಿ ಗ್ವಾಂಗ್ಜುನಲ್ಲಿ ಸೈನ್ಯ ಜನರನ್ನ ಕೊಂದಿದ್ದು ಅಲ್ಲಿ ಪಾಠಪುಸ್ತಕದಲ್ಲಿದೆ, ಕೊಲ್ಲಿಸಿದೋರು ಆಮೇಲೆ ಕಟಕಟೆಗೆ ಬಂದಿದ್ದನ್ನೂ ಆ ಹುಡುಗರು ಓದಿದಾರೆ. ನಮ್ಮಲ್ಲಿ ಎಮರ್ಜೆನ್ಸಿ ಪಾಠ ಎಷ್ಟು ಪುಟ ಇದೆ, ನೀವೇ ಹೇಳ್ಬೇಕು.

ಒಬ್ಬಳು ಡಿಗ್ರಿ ಸ್ಟೂಡೆಂಟ್: "ಸಾರ್, ಇದಕ್ಕೆಲ್ಲಾ ಧೈರ್ಯ ಬೇಕು. ನಮ್ಮ ಮನೇಲಿ ಕೇಸ್ ಬಿದ್ರೆ ಪಾಸ್‌ಪೋರ್ಟ್ ಸಿಗಲ್ಲ ಅಂತಾರೆ."

ನಿಜಾನೇ ಅಮ್ಮ, ಹೆದರಬೇಡ ಅಂತ ಹೇಳೋಕೆ ನಾನ್ಯಾರು. ಅರ್ಜೆಂಟೀನಾದಲ್ಲಿ ಸೇನಾಡಳಿತ ಎತ್ಕೊಂಡು ಹೋಗಿ ಕಾಣೆ ಮಾಡಿದೋರ 14 ಜನ ತಾಯಂದಿರು 1977 ಏಪ್ರಿಲ್ 30ಕ್ಕೆ ಮೇಯೋ ಚೌಕಕ್ಕೆ ಬಂದು ನಿಂತ್ರು. ಗುಂಪಾಗಿ ನಿಲ್ಲಂಗಿಲ್ಲ, ನಡೀರಿ ಅಂತ ಪೊಲೀಸ್ ಗದರಿದ್ರು. ಸರಿ, ನಡೆದ್ರು, ಇಬ್ಬಿಬ್ಬರಾಗಿ ಕೈ ಹಿಡ್ಕೊಂಡು ಚೌಕದ ಸುತ್ತಲೇ. ಆ ನಡಿಗೆ ಪ್ರತಿ ಗುರುವಾರದ್ದಾಯ್ತು. ಶುರು ಮಾಡಿದ ಅಸುಸೆನಾ ವಿಯಾಫ್ಲೋರ್ ಅವರನ್ನ ಆ ಡಿಸೆಂಬರಲ್ಲೇ ಎತ್ಕೊಂಡು ಹೋಗಿ ಕೊಂದ್ರು, ಅಸ್ಥಿ ಗುರುತು ಸಿಕ್ಕಿದ್ದು 2005ರಲ್ಲಿ. ಹಾಗಾಗಿ ಅಪಾಯ ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಎಲ್ಲರೂ ಅಸುಸೆನಾ ಆಗಬೇಕಾಗಿಲ್ಲ, ಪಾತ್ರೆ ಬಡಿಯೋಕೆ, ಏಳೂವರೆಗೆ ವಾಕಿಂಗ್ ಹೋಗೋಕೆ ನಿಮ್ಮನೆಯೋರೂ ಒಪ್ತಾರೆ. ಅಂಥ ಕೆಲಸ ಹುಡುಕಿ ಕೊಡೋದೇ ಚಳವಳಿ ಮಾಡೋರ ಜಾಣತನ.

ಕೊನೇದಾಗಿ ಒಬ್ಬರು, ಕೈಯಲ್ಲಿ ಹೆಲ್ಮೆಟ್ ಹಿಡ್ಕೊಂಡು ಹೊರಡೋಕೆ ನಿಂತಿದ್ದೋರು: "ಗೆದ್ರೂ ಉಳಿಯಲ್ಲವಲ್ಲ ಸಾರ್, ಮಾರ್ಕೋಸ್ ಮಗನೇ ಈಗ ಅಲ್ಲಿ ಪ್ರೆಸಿಡೆಂಟು."

ಹೌದು, 2022ರಲ್ಲಿ ಗೆದ್ದ. ಸುಡಾನ್ ಇನ್ನೂ ಕೆಟ್ಟದು. 2019 ಏಪ್ರಿಲಲ್ಲಿ ಅಲ್ಲಿನ ಸರ್ವಾಧಿಕಾರಿ ಬಶೀರ್ ಇಳಿದ, ಜೂನ್ 3ಕ್ಕೆ ಖಾರ್ಟೂಮಲ್ಲಿ ಧರಣಿ ಕೂತಿದ್ದೋರ ಹತ್ಯಾಕಾಂಡ ಆಯ್ತು, 2021ರಲ್ಲಿ ಮತ್ತೆ ಸೈನ್ಯ ಬಂತು, 2023 ಏಪ್ರಿಲಿಂದ ಎರಡು ಸೈನ್ಯಗಳು ಹೊಡೆದಾಡಿ ದೇಶವೇ ಸುಟ್ಟುಹೋಗ್ತಿದೆ. ಚಳವಳೀಲಿ ಬೀದಿಗೊಂದು ಪ್ರತಿರೋಧ ಸಮಿತಿ ಅಂತ ಕಟ್ಟಿದ್ರಲ್ಲ, ಆಸ್ಪತ್ರೆ ಸರ್ಕಾರ ಯಾವುದೂ ಇಲ್ದೆ ಹೋದ ಮೇಲೆ ಅದೇ ಹುಡುಗ ಹುಡುಗೀರು ಅದೇ ಬೀದಿಗಳಲ್ಲಿ ಅಡುಗೆ ಮನೆ ನಡೆಸ್ತಿದಾರೆ, ಗಾಯಾಳುಗಳನ್ನ ಸಾಗಿಸ್ತಿದಾರೆ, ಯಾರ ಮನೇಲಿ ಮಗುವಿಗೆ ಹಾಲಿಲ್ಲ ಅಂತ ಪಟ್ಟಿ ಇಟ್ಕೊಂಡಿದಾರೆ, ಎರಡೂ ಕಡೆ ಸೈನಿಕರು ಅವರನ್ನ ಹಿಡಿದು ಒಳಗೆ ಹಾಕ್ತಾನೂ ಇದಾರೆ. ನೀವು ಕೇಳಿದ್ದಕ್ಕೆ ಇದು ಪೂರ್ತಿ ಉತ್ತರ ಅಲ್ಲ. ಸುಡಾನ್ ಬಗ್ಗೆ ಇನ್ನೊಂದು ದಿನ ಕೂತು ಮಾತಾಡೋಣ, ಅದೊಂದೇ ಎರಡು ಗಂಟೆ ವಿಷಯ.